ಫೇಲಾದ ಬೋರು ಮುಚ್ಚದೆ ಬಿಟ್ಟಿದ್ದೇವೆ. ಏನಾದರೂ ಆದರೆ ಕೇಸು ಯಾರ ಮೇಲೆ?

ಬಯಲುಸೀಮೆ_ಮಗ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ.

ನಮ್ಮದು ಶಿರಾ ತಾಲೂಕಿನ ಒಂದು ಹಳ್ಳಿ. ನಾನು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದೇನೆ. ಜಮೀನು ಅಪ್ಪನ ಹೆಸರಿನಲ್ಲಿದೆ, ನಾಲ್ಕು ಎಕರೆ. ಅದರಲ್ಲಿ ಮೂರು ಬೋರು ಕೊರೆಸಿದ್ದೇವೆ. ಒಂದರಲ್ಲಿ ಈಗಲೂ ಒಂದೂವರೆ ಇಂಚು ನೀರು ಬರುತ್ತಿದೆ. ಇನ್ನೆರಡು ಫೇಲು. ಎರಡು ವರ್ಷದಿಂದ ಜಮೀನನ್ನು ಪಕ್ಕದ ಊರಿನವರೊಬ್ಬರಿಗೆ ಗುತ್ತಿಗೆಗೆ ಕೊಟ್ಟಿದ್ದೇವೆ.

ಹಬ್ಬಕ್ಕೆ ಊರಿಗೆ ಹೋದಾಗ ಹೊಲದ ಕಡೆ ಹೋಗಿದ್ದೆ. ಹಳೇ ಬೋರಿನ ಬಾಯಿಗೆ ಒಂದು ಚಪ್ಪಡಿ ಕಲ್ಲು ಇದೆ, ಪರವಾಗಿಲ್ಲ. ಇನ್ನೊಂದರದ್ದು ನೋಡಿ ಕೈಕಾಲು ತಣ್ಣಗಾಯಿತು. ಗೊಬ್ಬರದ ಖಾಲಿ ಚೀಲ ಹಾಕಿ, ಮೇಲೆ ನಾಲ್ಕು ಕಲ್ಲು ಇಟ್ಟಿದ್ದಾರೆ, ಅಷ್ಟೇ. ಚೀಲ ಬಿಸಿಲಿಗೆ ಸುಟ್ಟು ಹಪ್ಪಳದ ಹಾಗೆ ಆಗಿದೆ. ಬೆರಳಲ್ಲಿ ಎಳೆದರೆ ಹರಿದು ಬಂತು. ಒಳಗೆ ಒಂದು ಕಲ್ಲು ಹಾಕಿದೆ. ಗೋಡೆಗೆ ಎರಡು ಸಲ ಬಡಿದ ಸದ್ದು ಕೇಳಿಸಿತು. ಆಮೇಲೆ ಏನೂ ಇಲ್ಲ. ತಲೆ ಎತ್ತಿ ನೋಡಿದರೆ ಇಪ್ಪತ್ತು ಮಾರು ದೂರದಲ್ಲಿ ಕುರಿ ಕಾಯುವವರ ಇಬ್ಬರು ಮಕ್ಕಳು ಆಡುತ್ತಿದ್ದರು.

ಮನೆಗೆ ಬಂದು ಅಪ್ಪನನ್ನು ಕೇಳಿದೆ. ಅಪ್ಪ ಹೇಳಿದ್ದು ಇಷ್ಟೇ. "ನಾವೇನು ಯಾರನ್ನಾದರೂ ತಳ್ಳಿದ್ದೀವಾ? ಏನೂ ಮಾಡದವರ ಮೇಲೆ ಯಾವ ಕೇಸು ಹಾಕ್ತಾರೆ?"

ನನಗೆ ಉತ್ತರ ಗೊತ್ತಾಗಲಿಲ್ಲ. ಏನೂ ಮಾಡದೇ ಇದ್ದರೂ ಅಪರಾಧ ಆಗುತ್ತದಾ? ಆದರೆ ಯಾರ ಮೇಲೆ? ಅಪ್ಪನಾ, ಗುತ್ತಿಗೆ ಮಾಡುವವರಾ, ಬೋರು ಕೊರೆದವರಾ?

ಕಪ್ಪುಕೋಟು

ನಮಸ್ಕಾರ. ದಾವಣಗೆರೆಯಲ್ಲಿ ವಕೀಲಿ ಮಾಡುತ್ತೇನೆ, ಹೆಚ್ಚಾಗಿ ಕ್ರಿಮಿನಲ್ ಕೇಸುಗಳು. ನಿಮ್ಮ ತಂದೆಯವರ ಪ್ರಶ್ನೆಯನ್ನು ಕೋರ್ಟಿನ ಕಾರಿಡಾರಿನಲ್ಲಿ ತಿಂಗಳಿಗೊಂದು ಸಲವಾದರೂ ಕೇಳುತ್ತೇನೆ. "ನಾನು ಏನೂ ಮಾಡಿಲ್ಲ ಸರ್." ಕೆಲವೊಮ್ಮೆ ಅದೇ ತಪ್ಪು ಆಗಿರುತ್ತದೆ.

ಭಾರತೀಯ ನ್ಯಾಯ ಸಂಹಿತೆಯ ಮೂರನೇ ಕಲಂನಲ್ಲಿ ಒಂದು ಸಾಲಿದೆ. ಹಳೇ ಐಪಿಸಿಯಲ್ಲಿ ಅದು ಕಲಂ 32. ಕಾನೂನಿನಲ್ಲಿ "ಕೃತ್ಯ" ಅಂತ ಎಲ್ಲಿ ಬಂದರೂ ಅದರಲ್ಲಿ ಕಾನೂನುಬಾಹಿರ ಲೋಪವೂ ಸೇರಿದೆ ಎಂದು ಅದರ ಅರ್ಥ. ಅಂದರೆ ಮಾಡಲೇಬೇಕಾದ್ದನ್ನು ಮಾಡದೇ ಬಿಡುವುದೂ ಒಂದು ಕೃತ್ಯವೇ. ಇಲ್ಲಿ "ಮಾಡಲೇಬೇಕಾದ್ದು" ಅನ್ನುವುದೇ ಮುಖ್ಯ. ಸುಮ್ನೆ ಇದ್ದವರೆಲ್ಲ ಅಪರಾಧಿಗಳಲ್ಲ. ಕಾನೂನು ಯಾರ ಹೆಗಲ ಮೇಲೆ ಆ ಕೆಲಸ ಹೊರಿಸಿದೆಯೋ ಅವರು ಸುಮ್ನಿದ್ದರೆ ಮಾತ್ರ.

ಐಪಿಸಿಯ ಮೊದಲ ಕರಡು 1837ರದ್ದು, ಮೆಕಾಲೆ ನೇತೃತ್ವದಲ್ಲಿ ಆದದ್ದು. ಆ ಕರಡಿನ ಟಿಪ್ಪಣಿಯಲ್ಲಿ ಒಂದು ಹೊಳೆಯ ಉದಾಹರಣೆ ಇದೆ. ಹೊಳೆ ತುಂಬಿ ಹರಿಯುತ್ತಿದೆ. ಪ್ರಯಾಣಿಕನೊಬ್ಬ ದಾಟಲು ಹೊರಟಿದ್ದಾನೆ. ದಡದಲ್ಲಿ ನಿಂತವನಿಗೆ ಅಪಾಯ ಗೊತ್ತು, ಆದರೂ ಅವನು ಸಾಯಲಿ ಎಂದು ಬಾಯಿ ಬಿಡುವುದಿಲ್ಲ. ಆತ ಸತ್ತ. ನಿಂತವನು ಜನರಿಗೆ ಎಚ್ಚರಿಕೆ ಹೇಳಲು ಸರ್ಕಾರ ಇಟ್ಟ ಜವಾನನಾಗಿದ್ದರೆ ಅದು ಕೊಲೆ. ದಾರಿ ತೋರಿಸಲು ಒಪ್ಪಿಕೊಂಡ ಮಾರ್ಗದರ್ಶಿ ಆಗಿದ್ದರೂ ಕೊಲೆ. ಬರೀ ದಾರಿಹೋಕನಾಗಿದ್ದರೆ ಅಲ್ಲ. ಮನುಷ್ಯತ್ವ ಇಲ್ಲದವನು ಅನ್ನಬಹುದು, ಜೈಲಿಗೆ ಕಳಿಸಲು ಆಗುವುದಿಲ್ಲ. ಹೊಳೆ ಅದೇ, ಮೌನವೂ ಅದೇ. ನಿಂತವನ ಜವಾಬ್ದಾರಿ ಬೇರೆ, ಅಷ್ಟೇ.

ಹಾಗಾದರೆ ನಿಮ್ಮ ಹೊಲದಲ್ಲಿ ಆ ಜವಾನ ಯಾರು? ಫೇಲಾದ ಬೋರಿನ ವಿಷಯದಲ್ಲಿ ಜವಾಬ್ದಾರಿ ಎಲ್ಲಿಂದ ಬರುತ್ತದೆ ಅನ್ನುವುದು ಸ್ಪಷ್ಟವಾಗಿದೆ. 2010ರಲ್ಲಿ ಸುಪ್ರೀಂ ಕೋರ್ಟ್ ಇಡೀ ದೇಶಕ್ಕೆ ಮಾರ್ಗಸೂಚಿ ಕೊಟ್ಟಿದೆ. ಕೊರೆಸುವ 15 ದಿನ ಮೊದಲೇ ಮಾಲೀಕರು ಸಂಬಂಧಪಟ್ಟ ಅಧಿಕಾರಿಗೆ ಲಿಖಿತವಾಗಿ ತಿಳಿಸಬೇಕು. ಕೊರೆಯುವಾಗ ಸುತ್ತ ತಂತಿ ಬೇಲಿ, ಮಾಲೀಕರ ಮತ್ತು ಕೊರೆಯುವವರ ವಿಳಾಸ ಇರುವ ಬೋರ್ಡು ಇರಬೇಕು. ಕೇಸಿಂಗ್ (ಬೋರಿನ ಬಾಯಿಗೆ ಇಳಿಸುವ ಪೈಪ್) ಸುತ್ತ ಅರ್ಧ ಮೀಟರ್ ಉದ್ದಗಲದ, 0.6 ಮೀಟರ್ ಎತ್ತರದ ಕಾಂಕ್ರೀಟ್ ಕಟ್ಟೆ ಕಟ್ಟಬೇಕು, ಅರ್ಧ ನೆಲದೊಳಗೆ, ಅರ್ಧ ಮೇಲೆ. ಬಾಯಿಗೆ ಉಕ್ಕಿನ ತಟ್ಟೆ ವೆಲ್ಡಿಂಗ್ ಮಾಡಬೇಕು ಇಲ್ಲವೇ ಬೋಲ್ಟ್ ಹಾಕಿದ ಗಟ್ಟಿ ಮುಚ್ಚಳ ಹಾಕಬೇಕು. ಬಳಸದೆ ಬಿಟ್ಟ ಬೋರನ್ನು ತಳದಿಂದ ನೆಲಮಟ್ಟದವರೆಗೆ ಮಣ್ಣು, ಮರಳು, ಕಲ್ಲು ಹಾಕಿ ತುಂಬಬೇಕು.

ನಮ್ಮ ರಾಜ್ಯದಲ್ಲಿ 2011ರ ಅಂತರ್ಜಲ ಕಾಯ್ದೆ ಇದೆ. 2024ರಲ್ಲಿ ಅದಕ್ಕೆ ತಿದ್ದುಪಡಿ ತಂದು, ಫೇಲಾದ ಬೋರು ಮುಚ್ಚದಿದ್ದರೆ ಒಂದು ವರ್ಷದವರೆಗೆ ಜೈಲು, 25 ಸಾವಿರ ರೂಪಾಯಿವರೆಗೆ ದಂಡ ಎಂದು ಸೇರಿಸಿದರು. ಇದಕ್ಕೆ ಯಾರೂ ಬೀಳಬೇಕಾಗಿಲ್ಲ, ಗಮನಿಸಿ. ಮುಚ್ಚದೇ ಬಿಟ್ಟರೆ ಸಾಕು.

ಯಾರಾದರೂ ಬಿದ್ದು ಸತ್ತರೆ ಸಂಹಿತೆಯ ಕಲಂ 106, ನಿರ್ಲಕ್ಷ್ಯದಿಂದ ಸಾವು. ಹಳೇ 304ಎಗೆ ಎರಡು ವರ್ಷ ಇತ್ತು, ಈಗ ಐದು ವರ್ಷದವರೆಗೆ. ಬದುಕಿ ಉಳಿದರೆ ಕಲಂ 125, ಇನ್ನೊಬ್ಬರ ಜೀವಕ್ಕೆ ಅಪಾಯ ಒಡ್ಡಿದ್ದು. ಸುಮ್ನೆ ಹೆದರಿಸಲು ಹೇಳುತ್ತಿಲ್ಲ, ನಾಳೆಯೇ ಹೋಗಿ ಮುಚ್ಚಿಸಿ.

ರಿಗ್_ಲಾರಿ

ಹದಿನಾಲ್ಕು ವರ್ಷ ಬೋರು ಕೊರೆಯುವ ರಿಗ್ ಮೇಲೆ ಇದ್ದೆ ಅಣ್ಣ. ತಿರುಚೆಂಗೋಡಿನ ಗಾಡಿಗಳ ಜೊತೆ ಚಿತ್ರದುರ್ಗ, ತುಮಕೂರು, ಕೋಲಾರ ಎಲ್ಲ ಸುತ್ತಿದ್ದೇನೆ. ನೀವು ಬರೆದದ್ದರಲ್ಲಿ ಒಂದು ವಿಷಯ ಇಲ್ಲ. ಆ ಬೋರಿಗೆ ಕೇಸಿಂಗ್ ಪೈಪ್ ಇದೆಯಾ, ಎಳೆದಿದ್ದಾರಾ?

ಯಾಕೆ ಕೇಳುತ್ತೇನೆ ಅಂದರೆ, ಮೇಲಿನ ಸಡಿಲ ಮಣ್ಣು ಕುಸಿಯದಿರಲಿ ಅಂತ ಗಟ್ಟಿ ಬಂಡೆ ಸಿಗುವವರೆಗೆ ಕೇಸಿಂಗ್ ಇಳಿಸುತ್ತೇವೆ. ಕೆಳಗೆ ಆರೂವರೆ ಇಂಚು ತೂತಾದರೂ ಮೇಲೆ ಕೇಸಿಂಗ್ ಕೂರಲು ಅದಕ್ಕಿಂತ ಅಗಲ ಕೊರೆಯಬೇಕು. ಬೋರು ಫೇಲಾದರೆ ರೈತರಿಗೆ ಆ ಪೈಪಿನ ದುಡ್ಡಾದರೂ ಉಳಿಯಲಿ ಅನಿಸುತ್ತದೆ. ಎಳೆಸುತ್ತಾರೆ. ಎಳೆದ ಮೇಲೆ ಬಾಯಿ ಅಗಲವಾಗಿಯೇ ಉಳಿಯುತ್ತದೆ. ಒಂದು ಮಳೆಗಾಲ ಕಳೆದರೆ ಅಂಚು ಕುಸಿದು ಇನ್ನೂ ಅಗಲ ಆಗುತ್ತದೆ. ಮಕ್ಕಳು ಬೀಳುವುದು ಜಾಸ್ತಿ ಇಂಥದ್ದಕ್ಕೇ.

ನಮ್ಮ ಕಡೆಯಿಂದ ಆಗುವ ತಪ್ಪನ್ನೂ ಹೇಳುತ್ತೇನೆ. ರಾತ್ರಿ ಎರಡು ಗಂಟೆಗೆ ಪಾಯಿಂಟ್ ಫೇಲು ಅಂತ ಗೊತ್ತಾಗುತ್ತದೆ. ರೈತ ತಲೆ ಮೇಲೆ ಕೈ ಹೊತ್ತು ಕೂತಿರುತ್ತಾನೆ. ಬೆಳಗ್ಗೆ ಆರಕ್ಕೆ ಇನ್ನೊಂದು ಊರಲ್ಲಿ ಗಾಡಿ ಇರಬೇಕು. ರಾಡು ಎತ್ತಿ, ಚೀಲ ಹಾಕಿ ಹೊರಟುಬಿಡುತ್ತೇವೆ. ಹಾಗೆ ಬಿಟ್ಟು ಬಂದ ಎಷ್ಟೋ ಹೊಲಗಳು ನನಗೆ ಈಗಲೂ ನೆನಪಿವೆ.

ಬಯಲುಸೀಮೆ_ಮಗ

ಎಳೆದಿದ್ದಾರೆ ಅಣ್ಣ. ಅದೇ ಪೈಪನ್ನು ಮೂರನೇ ಬೋರಿಗೆ ಹಾಕಿದ್ದು ಅಂತ ಅಪ್ಪ ಈಗ ಹೇಳಿದರು.

ಭೀಮಾತೀರ

ನಾನು ವಿಜಯಪುರ ಜಿಲ್ಲೆಯವಳು. ಶಾಲೆಯಲ್ಲಿ ಟೀಚರ್. ಬರೆಯದೇ ಇರಲು ಆಗಲಿಲ್ಲ.

2024ರ ಏಪ್ರಿಲ್‌ನಲ್ಲಿ ಇಂಡಿ ತಾಲೂಕಿನ ಲಚ್ಯಾಣದಲ್ಲಿ ಎರಡು ವರ್ಷದ ಕೂಸು ಬೋರಿಗೆ ಬಿತ್ತಲ್ಲ, ಅದು ಮನೆಯವರದ್ದೇ ಹೊಲ, ಆಗಷ್ಟೇ ಕೊರೆಸಿದ್ದ ಬೋರು. ಸುಮಾರು 20 ಗಂಟೆ ಪಕ್ಕದಲ್ಲಿ ಗುಂಡಿ ತೋಡಿ ಜೀವಂತ ತೆಗೆದರು. ಆ ರಾತ್ರಿ ನಮ್ಮ ಓಣಿಯಲ್ಲಿ ಯಾರೂ ಮಲಗಿಲ್ಲ. ಕ್ಯಾಮೆರಾ ಇಳಿಸಿದಾಗ ಕಾಲು ಅಲ್ಲಾಡಿದ್ದು ಟಿವಿಯಲ್ಲಿ ಕಂಡಿತು. ನಮ್ಮ ಅವ್ವ ದೇವರ ಮುಂದೆ ಹೋಗಿ ಕೂತವಳು ಬೆಳಗಾದರೂ ಏಳಲಿಲ್ಲ.

ಎಲ್ಲ ಮಕ್ಕಳಿಗೂ ಆ ಭಾಗ್ಯ ಇರಲಿಲ್ಲ. 2014ರಲ್ಲಿ ಬಾಗಲಕೋಟೆ ಜಿಲ್ಲೆಯ ಸೂಳಿಕೇರಿಯಲ್ಲಿ ಆರು ವರ್ಷದ ಹುಡುಗ. 2017ರಲ್ಲಿ ಅಥಣಿ ತಾಲೂಕಿನ ಝುಂಜರವಾಡದಲ್ಲಿ ಆರು ವರ್ಷದ ಹುಡುಗಿ. ಇಬ್ಬರೂ ಉಳಿಯಲಿಲ್ಲ. ಅವರ ವಯಸ್ಸಿನ ಮಕ್ಕಳೇ ನನ್ನ ಒಂದನೇ ತರಗತಿಯಲ್ಲಿ ಕೂರುತ್ತಾರೆ. ರಜೆ ಬಿಡುವ ಮುಂಚಿನ ದಿನ ಪ್ರತಿ ವರ್ಷ ಒಂದೇ ಮಾತು ಹೇಳುತ್ತೇನೆ, ಹೊಲದಲ್ಲಿ ಚೀಲ ಕಂಡರೆ ಅದರ ಮೇಲೆ ಕಾಲಿಡಬೇಡಿ ಅಂತ. ಆದರೆ ಇದು ಆರು ವರ್ಷದ ಮಗು ಹೊರಬೇಕಾದ ಜವಾಬ್ದಾರಿಯಾ?

ಕಡ್ಲೆಹೊಲ

ಅಕ್ಕ ಹೇಳಿದ್ದು ಓದಿ ನನಗೂ ಸಂಕಟ ಆಯಿತು. ಆದರೂ ಒಂದು ಮಾತು ಕೇಳಬೇಕು, ತಪ್ಪು ತಿಳಿಯಬೇಡಿ.

ನಾನು ಗದಗ ಕಡೆಯ ರೈತ. ಒಂದು ಬೋರು ಫೇಲಾಯಿತು ಅಂದರೆ ಆ ಮನೆಯಲ್ಲಿ ಏನು ನಡೆದಿರುತ್ತದೆ ಅಂತ ವಕೀಲರಿಗೆ ಗೊತ್ತಾ? ಬಂಗಾರ ಅಡ ಇಟ್ಟು ಕೊರೆಸಿರುತ್ತೇವೆ. ಧೂಳು ಮಾತ್ರ ಬಂದರೆ ಆ ಜಾಗದ ಕಡೆ ನೋಡಲೂ ಮನಸ್ಸು ಬರುವುದಿಲ್ಲ. ಅಂಥವನಿಗೆ ಜೈಲು ಅಂತ ಹೆದರಿಸುವುದು ಯಾವ ನ್ಯಾಯ? ಅದೂ ಬಿದ್ದದ್ದು ಅವನದೇ ಮಗುವಾದರೆ? ಮಗು ಕಳೆದುಕೊಂಡ ಅಪ್ಪನ ಕೈಗೆ ಕೋಳ ಹಾಕುತ್ತೀರಾ?

ಇನ್ನೊಂದು. ಮೇಲ್ವಿಚಾರಣೆ ಮಾಡಬೇಕಾದ ಅಧಿಕಾರಿಗಳಿಗೂ ಸುಪ್ರೀಂ ಕೋರ್ಟ್ ಜವಾಬ್ದಾರಿ ಕೊಟ್ಟಿದೆ ಅಲ್ವಾ? ಅವರು ಸುಮ್ನಿದ್ದರೆ ಅದು ಲೋಪ ಅಲ್ವಾ? ಅವರ ಮೇಲೆ ಯಾಕೆ ಕೇಸು ಆಗುವುದಿಲ್ಲ?

ಕಪ್ಪುಕೋಟು

ಕಡ್ಲೆಹೊಲ ಅವರೇ, ನೀವು ಕೇಳಿದ್ದು ಸರಿಯಾದ ಪ್ರಶ್ನೆ. ನನ್ನ ತಾತನೂ ಎರಡು ಬೋರು ಫೇಲಾಗಿ ಸಾಲಕ್ಕೆ ಬಿದ್ದವರು. ಆ ಜಾಗ ನೋಡಲು ಮನಸ್ಸು ಬರುವುದಿಲ್ಲ ಅನ್ನುವುದು ನನಗೆ ಅರ್ಥವಾಗುತ್ತದೆ.

ಮೊದಲು ಅಧಿಕಾರಿಗಳ ವಿಷಯ. ಕಾನೂನಿನಲ್ಲಿ ದಾರಿ ಇದೆ, ಆದರೆ ಕಿರಿದು. ನ್ಯಾಯ ಸಂಹಿತೆಯ ಕಲಂ 198ರಲ್ಲಿ ಸರ್ಕಾರಿ ನೌಕರ ಕಾನೂನಿನ ನಿರ್ದೇಶನ ಮೀರಿದರೆ ಶಿಕ್ಷೆ ಇದೆ. ಆದರೆ ಹಾನಿ ಮಾಡುವ ಉದ್ದೇಶ ಅಥವಾ ಹಾನಿ ಆಗುತ್ತದೆ ಎಂಬ ಅರಿವು ಇತ್ತು ಎಂದು ತೋರಿಸಬೇಕು. ಅದರ ಮೇಲೆ ಎಷ್ಟೋ ಕೇಸುಗಳಲ್ಲಿ ಸರ್ಕಾರದ ಪೂರ್ವಾನುಮತಿಯೂ ಬೇಕು. ಸೋಮಾರಿತನ ಉದ್ದೇಶ ಆಗುವುದಿಲ್ಲ. ಇದು ನನಗೂ ನೋವು ಕೊಡುವ ಸಂಗತಿ. ಹೊಳೆಯ ದಡದ ಜವಾನನಿಗೇ ಸುಲಭವಾಗಿ ಬಿಡುಗಡೆ ಸಿಕ್ಕಿದ ಹಾಗೆ.

ಆದರೆ ಅವರು ಹೊರಗಿದ್ದಾರೆ ಅಂತ ನಮ್ಮ ಜವಾಬ್ದಾರಿ ಕಡಿಮೆ ಆಗುವುದಿಲ್ಲ. ಇಲ್ಲಿ ಎರಡು ಹಳೇ ಕೇಸು ಹೇಳಲೇಬೇಕು.

ಮೊದಲನೆಯದು ಕುರ್ಬಾನ್ ಹುಸೇನ್ ಕೇಸು. ಮುಂಬೈಯ ಒಂದು ಬಣ್ಣದ ಕಾರ್ಖಾನೆ. ಟರ್ಪೆಂಟೈನ್, ವಾರ್ನಿಷ್ ಇದ್ದ ಕೋಣೆಯಲ್ಲೇ ಒಲೆ ಉರಿಸಲು ಬಿಟ್ಟಿದ್ದರು. 1962ರಲ್ಲಿ ಬೆಂಕಿ ಬಿತ್ತು, ಏಳು ಕಾರ್ಮಿಕರು ಸತ್ತರು. ಸುಪ್ರೀಂ ಕೋರ್ಟ್ ಆರೋಪಿಯನ್ನು 304ಎಯಿಂದ ಬಿಟ್ಟಿತು. ಸಾವಿಗೆ ನೇರ ಕಾರಣ ಇನ್ನೊಬ್ಬ ಕೆಲಸಗಾರ ಬಿಸಿ ದ್ರವಕ್ಕೆ ಟರ್ಪೆಂಟೈನ್ ಸುರಿದದ್ದು ಅಂತ. ಆದರೆ ಬೆಂಕಿಯ ವಿಷಯದಲ್ಲಿ ಎಚ್ಚರ ವಹಿಸದ ತಪ್ಪಿಗೆ, ಅಂದರೆ ಹಳೇ ಐಪಿಸಿಯ ಕಲಂ 285ಕ್ಕೆ, ಶಿಕ್ಷೆ ಉಳಿಯಿತು.

ಎರಡನೆಯದು ದೆಹಲಿಯ ಉಪಹಾರ್ ಚಿತ್ರಮಂದಿರ. 1997ರ ಜೂನ್ 13. 59 ಜನ ಸತ್ತರು. ಬೆಂಕಿ ಹೊತ್ತಿದ್ದು ವಿದ್ಯುತ್ ಮಂಡಳಿಯ ಟ್ರಾನ್ಸ್‌ಫಾರ್ಮರ್‌ಗೆ. ಅದು ನಮ್ಮ ತಪ್ಪಲ್ಲ ಅಂತ ಮಾಲೀಕರು ವಾದಿಸಿದರು. ಕೋರ್ಟ್ ಒಪ್ಪಲಿಲ್ಲ. ಬಾಲ್ಕನಿಯ ಬಲಗಡೆಯ ದಾರಿಯನ್ನು ಸೀಟು ಹಾಕಿ ಮುಚ್ಚಿದ್ದರು. ಹೊಗೆ ತುಂಬಿದಾಗ ಜನರಿಗೆ ಬೇಗ ಹೊರಗೆ ಬರಲು ಆಗಲಿಲ್ಲ. ಬೆಂಕಿ ಯಾರದ್ದಾದರೂ ಆಗಲಿ, ದಾರಿ ಬಿಡುವುದು ನಿಮ್ಮ ಕೆಲಸವಾಗಿತ್ತು, ನೀವು ಬಿಡಲಿಲ್ಲ, ಅದಕ್ಕೇ ಸತ್ತರು ಎಂದು 2014ರಲ್ಲಿ ಸುಪ್ರೀಂ ಕೋರ್ಟ್ ಅವರು ತಪ್ಪಿತಸ್ಥರು ಎನ್ನುವುದನ್ನು ಎತ್ತಿಹಿಡಿಯಿತು.

ಬೋರಿನ ಕೇಸು ಇವೆರಡರಲ್ಲಿ ಯಾವುದರ ಹತ್ತಿರ? ನನ್ನ ಅಭಿಪ್ರಾಯದಲ್ಲಿ ಉಪಹಾರ್ ಹತ್ತಿರ. "ಮಗು ತಾನೇ ಓಡಿ ಬಂತು, ತಾಯಿ ನೋಡಿಕೊಳ್ಳಲಿಲ್ಲ" ಅನ್ನುವ ವಾದ ನಡೆಯುವುದು ಕಷ್ಟ. ಮಗು ಓಡಿ ಬರಬಹುದು ಅಂತಲೇ ಅಲ್ವಾ ಮುಚ್ಚಳ ಹಾಕು ಅಂದದ್ದು?

ಮಗು ಕಳೆದುಕೊಂಡ ಅಪ್ಪನ ಬಗ್ಗೆ. ಕಾನೂನಿನಲ್ಲಿ ಅವನಿಗೆ ಬೇರೆ ಕಲಂ ಇಲ್ಲ. ಶಿಕ್ಷೆಯ ಪ್ರಮಾಣ ಹೇಳುವಾಗ ನ್ಯಾಯಾಧೀಶರು ಅದನ್ನು ನೋಡುತ್ತಾರೆ. ಅಂಥ ಕೇಸು ನನ್ನ ಹತ್ತಿರ ಬಂದರೆ ಅವನ ಪರ ನಿಲ್ಲುತ್ತೇನೆ. ಆದರೆ ಅಂಥವನೊಬ್ಬ ಇರದ ಹಾಗೆ ಮಾಡಲು ಒಂದು ಮುಚ್ಚಳ ಸಾಕು ಅನ್ನುವುದೇ ನನ್ನನ್ನು ಕಾಡುತ್ತದೆ.

ಗುತ್ತಿಗೆಯ ಪ್ರಶ್ನೆ ಬಿಟ್ಟುಹೋಯಿತು. ಪಹಣಿ ನಿಮ್ಮ ತಂದೆಯ ಹೆಸರಿನಲ್ಲಿದೆ, ಬೋರು ಕೊರೆಸಿದ್ದು ಅವರು, ಕೇಸಿಂಗ್ ಎಳೆಸಿದ್ದೂ ಅವರು. ಗುತ್ತಿಗೆ ಕೊಟ್ಟ ಮಾತ್ರಕ್ಕೆ ಆ ಜವಾಬ್ದಾರಿ ಕಳಚಿಹೋಗುವುದಿಲ್ಲ. ದಿನಾ ಹೊಲದಲ್ಲಿರುವ ಗುತ್ತಿಗೆದಾರನಿಗೂ ಬಾಯಿ ತೆರೆದಿರುವುದು ಗೊತ್ತು, ಹಾಗಾಗಿ ಅವನನ್ನೂ ಸೇರಿಸಬಹುದು. ಕೊರೆದವರನ್ನೂ ಸೇರಿಸಬಹುದು. ಒಬ್ಬರು ಸಿಕ್ಕಿದರೆ ಇನ್ನೊಬ್ಬರು ಬಚಾವ್ ಅನ್ನುವ ಲೆಕ್ಕ ಇಲ್ಲಿ ಇಲ್ಲ.

ತೆಂಗಿನಗರಿ

ಸರ್, ನನ್ನದು ಬೇರೆ ಥರ. ತಿಪಟೂರು ಹತ್ತಿರ ನಮ್ಮ ತೋಟ. ಬೋರು ನಮ್ಮದಲ್ಲ, ಪಕ್ಕದವರದ್ದು. ಮಕ್ಕಳು ಶಾಲೆಗೆ ಹೋಗುವ ಕಾಲುದಾರಿಯ ಪಕ್ಕದಲ್ಲೇ ಬಾಯಿ ತೆರೆದುಕೊಂಡಿದೆ. ಮೂರು ಸಲ ಹೇಳಿದ್ದೇನೆ. "ನೋಡೋಣ ಬಿಡಮ್ಮ" ಅಂತಾರೆ. ನಾಳೆ ಏನಾದರೂ ಆದರೆ, ಗೊತ್ತಿದ್ದೂ ಸುಮ್ನಿದ್ದೆ ಅಂತ ನನ್ನ ಮೇಲೂ ಬರುತ್ತದಾ?

ಕಪ್ಪುಕೋಟು

ಇಲ್ಲ ತಾಯಿ. ಹೊಳೆಯ ಉದಾಹರಣೆಯಲ್ಲಿ ನೀವು ದಾರಿಹೋಕರು. ನಿಮ್ಮ ಮೇಲೆ ಕೇಸು ಬರುವುದಿಲ್ಲ.

ಆದರೆ ನೀವು ಮಾಡಬಹುದಾದ್ದು ಒಂದಿದೆ, ಬಹಳ ಜನಕ್ಕೆ ಗೊತ್ತಿಲ್ಲ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 152, ಹಳೇ ಸಿಆರ್‌ಪಿಸಿಯಲ್ಲಿ 133. ಸಾರ್ವಜನಿಕ ದಾರಿಯ ಪಕ್ಕದ ಕೆರೆ, ಬಾವಿ, ಗುಂಡಿಗೆ ಬೇಲಿ ಹಾಕಿಸು ಅಂತ ಆದೇಶ ಮಾಡುವ ಅಧಿಕಾರ ಅಲ್ಲಿ ಬರೆದೇ ಇದೆ. ನಿಮ್ಮ ಉಪವಿಭಾಗದ ಎಸಿ (ಉಪವಿಭಾಗಾಧಿಕಾರಿ) ಕಚೇರಿಗೆ ಅರ್ಜಿ ಕೊಡಿ. ಎಸಿ ನೋಟಿಸ್ ಕೊಟ್ಟ ಮೇಲೆ ನಿಮ್ಮ ಪಕ್ಕದವರು "ನೋಡೋಣ" ಅನ್ನಲು ಆಗುವುದಿಲ್ಲ. ಆಮೇಲೂ ಮುಚ್ಚದಿದ್ದರೆ, "ಅಪಾಯ ಗೊತ್ತಿರಲಿಲ್ಲ" ಅನ್ನುವ ಅವರ ವಾದ ಅಲ್ಲಿಗೇ ಮುಗಿಯಿತು.

ಬಯಲುಸೀಮೆ_ಮಗ

ಮೂರು ವಾರದ ನಂತರ ಬರೆಯುತ್ತಿದ್ದೇನೆ. ಕೆಲಸ ಮುಗಿಯಿತು.

ಅಪ್ಪನಿಗೆ ಕಾನೂನು ಹೇಳಲಿಲ್ಲ. ಭೀಮಾತೀರ ಮೇಡಂ ಬರೆದದ್ದನ್ನು ಓದಿ ಹೇಳಿದೆ. ಕೇಳಿ ಏನೂ ಮಾತಾಡಲಿಲ್ಲ. ಎದ್ದು ಟ್ರ್ಯಾಕ್ಟರ್‌ನವರಿಗೆ ಫೋನ್ ಮಾಡಿದರು.

ರಿಗ್ ಅಣ್ಣನಿಗೆ ಖಾಸಗಿಯಾಗಿ ಮೆಸೇಜ್ ಮಾಡಿ ಕೇಳಿದ್ದೆ. ಅವರು ಕೊಟ್ಟ ಲೆಕ್ಕ ಸರಿಯಾಯಿತು. 600 ಅಡಿಯ ಆರೂವರೆ ಇಂಚಿನ ಬೋರಿಗೆ ಒಂದೂವರೆ ಟ್ರ್ಯಾಕ್ಟರ್ ಲೋಡು ಮಣ್ಣು, ಜಲ್ಲಿ. ನನಗೆ ಹತ್ತು ಲೋಡಾದರೂ ಬೇಕೇನೋ ಅನಿಸಿತ್ತು. ಒಂದೇ ಸಲ ಸುರಿಯಬೇಡಿ, ಮಧ್ಯದಲ್ಲಿ ಕಟ್ಟಿಕೊಂಡರೆ ಕೆಳಗೆ ಟೊಳ್ಳು ಉಳಿಯುತ್ತದೆ, ಮಳೆ ಬಂದಾಗ ಮತ್ತೆ ಕುಸಿಯುತ್ತದೆ ಅಂದಿದ್ದರು. ಅದಕ್ಕೆ ಬಾಣಲಿಯಲ್ಲಿ ಸ್ವಲ್ಪ ಸ್ವಲ್ಪ ಹಾಕಿದೆವು. ಅರ್ಧ ದಿನ ಹಿಡಿಯಿತು. ಮೊದಲ ನೂರು ಬಾಣಲಿವರೆಗೂ ಮಣ್ಣು ಹೋದದ್ದೇ ಗೊತ್ತಾಗಲಿಲ್ಲ. ಮೇಲೆ ಕಾಂಕ್ರೀಟ್ ಹಾಕಿದೆವು. ಹಸಿ ಸಿಮೆಂಟಿನ ಮೇಲೆ ಅಪ್ಪ ಕಡ್ಡಿಯಲ್ಲಿ ತಾರೀಖು ಬರೆದರು.

ಚಪ್ಪಡಿ ಇದ್ದ ಹಳೇ ಬೋರಿಗೆ ಪಿವಿಸಿ ಕೇಸಿಂಗ್ ಇತ್ತು. ಅದಕ್ಕೆ ವೆಲ್ಡಿಂಗ್ ಆಗುವುದಿಲ್ಲವಲ್ಲ, ಏನು ಮಾಡಲಿ?

ರಿಗ್_ಲಾರಿ

ಅದನ್ನೂ ತುಂಬಿಬಿಡಿ ಅಣ್ಣ, ಅದೇ ಒಳ್ಳೆಯದು. ಮಳೆನೀರು ಇಂಗಿಸಲು ಇಟ್ಟುಕೊಳ್ಳುತ್ತೀರಿ ಅಂದರೆ ಮಾತ್ರ ಮುಚ್ಚಳ. ಪೈಪಿಗೆ ಅಳತೆಯ ಪಿವಿಸಿ ಕ್ಯಾಪ್ ತಗೊಂಡು ಗಮ್ ಹಾಕಿ ಕೂರಿಸಿ, ಅಡ್ಡ ಬೋಲ್ಟ್ ಹಾಕಿ. ಸುತ್ತ ಕಟ್ಟೆ ಕಟ್ಟಿ. ಬರೀ ಚಪ್ಪಡಿ ನಂಬಬೇಡಿ. ಇಬ್ಬರು ಹುಡುಗರು ಸೇರಿದರೆ ಸರಿಸುತ್ತಾರೆ.

ತೆಂಗಿನಗರಿ

ಸರ್, ಎಸಿ ಕಚೇರಿಗೆ ಅರ್ಜಿ ಬರೆದಿದ್ದೇನೆ. ಪಕ್ಕದವರ ಹೆಸರು, ದಾರಿ ಎಲ್ಲಿಂದ ಎಲ್ಲಿಗೆ ಹೋಗುತ್ತದೆ, ಆ ದಾರಿಯಲ್ಲಿ ದಿನಾ ಎಷ್ಟು ಮಕ್ಕಳು ಓಡಾಡುತ್ತಾರೆ ಎಲ್ಲ ಹಾಕಿದ್ದೇನೆ. ಇನ್ನೇನು ಬೇಕು?

ಕಪ್ಪುಕೋಟು

ಸರ್ವೆ ನಂಬರ್ ಹಾಕಿ. ಬಾಯಿಯ ಎರಡು ಫೋಟೋ ಹಾಕಿ, ಒಂದರಲ್ಲಿ ಕಾಲುದಾರಿಯೂ ಕಾಣಬೇಕು. ನೀವು ಅವರಿಗೆ ಹೇಳಿದ ಮೂರು ದಿನಾಂಕ ನೆನಪಿದ್ದರೆ ಬರೆಯಿರಿ. ಒಂದು ಪ್ರತಿಯನ್ನು ಗ್ರಾಮ ಪಂಚಾಯಿತಿ ಪಿಡಿಒಗೂ ಕೊಡಿ. ಎರಡೂ ಕಡೆ ಸೀಲು ಹಾಕಿದ ಸ್ವೀಕೃತಿ ತಗೊಳ್ಳದೆ ಎದ್ದು ಬರಬೇಡಿ.

ತೆಂಗಿನಗರಿ

ಆಯಿತು ಸರ್. ಸೋಮವಾರ ಬೆಳಗ್ಗಿನ ಬಸ್ಸಿಗೆ ಹೋಗುತ್ತೇನೆ. ಅಲ್ಲಿಯವರೆಗೆ ನಮ್ಮ ತೋಟದ ಹಳೇ ನೇಗಿಲು, ಮುಳ್ಳಿನ ಕಂಪೆ ತಂದು ಬಾಯಿಯ ಸುತ್ತ ಹಾಕಿದ್ದೇನೆ.